ಸಕ್ಕರೆ ತುಂಬಿದ ಬೋರಮಾಳ

ದಾಂಡೇಲಿಗೆ ಬಂದ ಮೇಲೆ ನಮ್ಮ ಅಪ್ಪ ಎಲ್ಲಿ ಕೂತರೂ ನಿದ್ದೆ ಹೋಗುತ್ತಿದ್ದ. ಊಟಕ್ಕೆ ಕೂತವನು ರೊಟ್ಟಿ ಮುರಿದು ಕೈಯಲ್ಲಿ ಹಿಡಿದು, ಹಾಗೆಯೇ ಕಣ್ಣು ಮುಚ್ಚುತ್ತಿದ್ದ. ತಲೆ ತಾಟಿನ ಮೇಲೆ ತೂಗುತ್ತಿತ್ತು. ಅವ್ವ "ಏನ್ರೀ" ಅಂದರೆ ಎಚ್ಚರಾಗಿ ತುತ್ತನ್ನು ಬಾಯಿಗಿಟ್ಟುಕೊಂಡು, ಅಗಿಯುತ್ತ ಅಗಿಯುತ್ತ ಮತ್ತೆ ಕಣ್ಣು ಮುಚ್ಚುತ್ತಿದ್ದ. ಕಾಗದದ ಗಿರಣಿಯಲ್ಲಿ ಬಿದಿರು ಒಟ್ಟುವ ಕಡೆ ಅವನಿಗೆ ಕೆಲಸ. ಜೋಯಿಡಾ ಕಡೆಯ ಅಡವಿಯಿಂದ ಲಾರಿಗಳು ಹೊತ್ತು ತಂದ ಬಿದಿರನ್ನು ಇಳಿಸಬೇಕು, ಹೊರಬೇಕು, ಒಟ್ಟಬೇಕು. ಒಂದು ವಾರ ಮುಂಜಾನೆ ಪಾಳಿ, ಒಂದು ವಾರ ಮಧ್ಯಾಹ್ನದ್ದು, ಒಂದು ವಾರ ರಾತ್ರಿಯದು. ಗಿರಣಿಯ ಭೋಂಗಾ ಕೂಗಿದಾಗಲೆಲ್ಲ ಅಂಬೇವಾಡಿಯ ನಮ್ಮ ಎರಡು ಖೋಲಿಯ ಮನೆಯಲ್ಲಿ ಯಾವುದೋ ಒಂದು ಹೊತ್ತು ಅದಲು ಬದಲಾಗುತ್ತಿತ್ತು. ಅವನು ಉಣ್ಣುವಾಗ ನಾವು ಏಳುತ್ತಿದ್ದೆವು, ನಾವು ಉಣ್ಣುವಾಗ ಅವನು ಮಲಗಿರುತ್ತಿದ್ದ.

ಅದಕ್ಕೂ ಮೊದಲು ಅಪ್ಪ ಹಳಿಯಾಳದಲ್ಲಿ ಪತ್ತಾರನಾಗಿದ್ದ. ಬಂಗಾರ ಬೆಳ್ಳಿ ಕೆಲಸ ಮಾಡುವವರಿಗೆ ನಮ್ಮ ಕಡೆ ಹಾಗೇ ಅನ್ನುವುದು. ಅವನ ಕೈಯ ಬೋರಮಾಳಕ್ಕೆ ಮುಂಡಗೋಡದಿಂದಲೂ ಮಂದಿ ಬರುತ್ತಿದ್ದರು. ಬೋರಮಾಳ ಅಂದರೆ ಬೋರೆಹಣ್ಣಿನಂಥ ಬಂಗಾರದ ಗುಂಡುಗಳ ಸರ. ನೋಡಲು ಗಟ್ಟಿ ಕಂಡರೂ ಗುಂಡಿನ ಒಳಗೆಲ್ಲ ಪೊಳ್ಳು, ಮೇಲಿನ ತಗಡು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ. ತಗ್ಗು ಬೀಳದಿರಲಿ ಎಂದು ಒಳಗೆ ಅರಗು ಕಾಯಿಸಿ ತುಂಬುತ್ತಾರೆ. ಮನೆಯ ಮುಂದಿನ ಪಡಸಾಲೆಯಲ್ಲಿ ಅಪ್ಪನ ಅಗ್ಗಿಷ್ಟಿಕೆ, ಅದರ ಪಕ್ಕ ಅಡಿಗಲ್ಲು, ಗೋಡೆಗೆ ಒರಗಿಸಿದ ಊದುಗೊಳವೆ. ಅಡಿಗಲ್ಲು ಹೆಸರಿಗಷ್ಟೇ ಕಲ್ಲು, ಅದು ಬಂಗಾರವನ್ನು ಮೇಲಿಟ್ಟು ಬಡಿಯುವ ಕಬ್ಬಿಣದ ಗಟ್ಟಿ. ಆ ಜಾಗವನ್ನು ಹೊರಗಿನವರು ಗುಡಿಸುವಂತಿರಲಿಲ್ಲ. ಧೂಳಿನಲ್ಲಿ ಬಂಗಾರದ ಪುಡಿ ಇರುತ್ತದಲ್ಲ, ಅದಕ್ಕೆ. ಗುಡಿಸುವ ಕೆಲಸ ನನ್ನದಾಗಿತ್ತು. ಗುಡಿಸುವ ನೆವದಲ್ಲಿ ಅಲ್ಲಿಯೇ ಕುಕ್ಕರಗಾಲಿನಲ್ಲಿ ಕೂತು ಗಂಟೆಗಟ್ಟಲೆ ನೋಡುತ್ತಿದ್ದೆ. ಕಸಬರಿಗೆ ಕೈಯಲ್ಲೇ ಇರುತ್ತಿತ್ತು. ಅಪ್ಪ ಬೈಯುತ್ತಿರಲಿಲ್ಲ, ಕರೆಯುತ್ತಲೂ ಇರಲಿಲ್ಲ. ಹೆಣ್ಣುಮಗಳಿಗೆ ಆ ಬೆಂಕಿಯ ಮುಂದೆ ಕೂರುವ ಕೆಲಸವಿದೆಯೆಂದು ಅವನಿಗೆ ಹೊಳೆದೇ ಇರಲಿಕ್ಕಿಲ್ಲ. ಅವನಪ್ಪನಿಗೂ ಹೊಳೆದಿರಲಿಲ್ಲ.

ಆಮೇಲೆ ಬಂಗಾರದ ಕಾಯ್ದೆ ಬಂತು. ಇನ್ನು ಮುಂದೆ ಹದಿನಾಲ್ಕು ಕ್ಯಾರೆಟಿಗಿಂತ ಚೊಕ್ಕ ಬಂಗಾರದಲ್ಲಿ ಹೊಸ ಆಭರಣ ಮಾಡುವಂತಿಲ್ಲ ಎಂದು ಸರಕಾರ ಹೇಳಿತು. ಅಂಥ ಬಂಗಾರದ ತಾಳಿಯನ್ನು ಯಾರು ಮಗಳ ಕೊರಳಿಗೆ ಕಟ್ಟಿಸುತ್ತಾರೆ? ಗಿರಾಕಿಗಳು ಬರುತ್ತಿದ್ದರು, ಕೂರುತ್ತಿದ್ದರು, ಚಹಾ ಕುಡಿದು ಎದ್ದು ಹೋಗುತ್ತಿದ್ದರು. ಅಪ್ಪ ಕೆಲವು ತಿಂಗಳು ತಣ್ಣಗಿನ ಅಗ್ಗಿಷ್ಟಿಕೆಯ ಮುಂದೆ ಸುಮ್ಮನೆ ಕೂತ. ಕೂತು ಕೂತು ದಣಿದ ಅಂತಲೇ ಹೇಳಬೇಕು, ಯಾಕೆಂದರೆ ಕೆಲಸ ಮಾಡಿ ಅವನು ದಣಿದದ್ದನ್ನು ನಾನು ಅಲ್ಲಿಯ ತನಕ ಕಂಡಿರಲಿಲ್ಲ. ಒಂದು ದಿನ ಹತ್ಯಾರಗಳನ್ನೆಲ್ಲ ಒಂದು ಕಟ್ಟಿಗೆಯ ಪೆಟ್ಟಿಗೆಗೆ ತುಂಬಿ ಮೊಳೆ ಹೊಡೆದ. ದಾಂಡೇಲಿಗೆ ಬಂದ ದಿನ ಆ ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿ ನಮ್ಮೆಲ್ಲರಿಗೂ ಕೇಳುವ ಹಾಗೆ ಹೇಳಿದ:

"ಆ ಬೆಂಕಿ ಮುಂದ ಈ ಮನ್ಯಾಗ ಇನ್ನ ಯಾರೂ ಕೂಡೂದಿಲ್ಲ."

ಯಾರೂ ಅಂದರೆ ಯಾರು? ಕೂರುತ್ತಿದ್ದವನು ಅವನೊಬ್ಬನೇ. ನನಗೆ ಗಂಡು ಒಡಹುಟ್ಟಿದವರು ಇರಲಿಲ್ಲ. ಆ ಮಾತು ನನಗೇ ಹೇಳಿದ್ದು ಅನ್ನಿಸಿತು. ಆಗ ನನಗೆ ಹದಿಮೂರು ನಡೆಯುತ್ತಿತ್ತು, ಆ ಬೆಂಕಿಯ ಮುಂದೆ ಕೂರಬೇಕೆಂಬ ಆಸೆಯನ್ನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ.

ಬಂಗಾರದ ಬೆಂಕಿ ಆರಿದರೂ ಮನೆಯಲ್ಲಿ ಇನ್ನೊಂದು ಬೆಂಕಿ ಇತ್ತು. ಅದು ಆಯಿಯದು. ಆಯಿ ಎಂದರೆ ಅಪ್ಪನ ತಾಯಿ, ನನ್ನ ಅಜ್ಜಿ. ನಾನು ಈಗ ಆಡುವ ಮಾತಿನಲ್ಲಿ ಅರ್ಧ ಆಕೆಯದೇ. ಚಳಿ ಬಿತ್ತೆಂದರೆ ಆಯಿ ಇದ್ದಿಲಿನ ಶೆಗಡಿ ಹೊತ್ತಿಸಿ ಕುಸುರೆಳ್ಳಿಗೆ ಕೂರುತ್ತಿದ್ದಳು. ಕುಸುರೆಳ್ಳು ತಿಂದವರಿಗೆ ಗೊತ್ತು, ಮಾಡಿದವರು ಕಡಿಮೆ. ಪರಾತವೆಂಬ ಅಗಲ ತಟ್ಟೆಯಲ್ಲಿ ಎಳ್ಳು ಹಾಕಿ, ಕೆಳಗೆ ಕೆಂಡ ಇದ್ದೂ ಇಲ್ಲದ ಹಾಗೆ ಇಟ್ಟು, ಹಾಲು ಹಾಕಿ ಮಡ್ಡಿ ತೆಗೆದ ಸಕ್ಕರೆ ಪಾಕವನ್ನು ಒಂದೊಂದೇ ಚಮಚ ಬಿಡುತ್ತ ಬೆರಳ ತುದಿಯಿಂದ ಆಡಿಸುತ್ತಲೇ ಇರಬೇಕು. ಅದು ಒಂದು ದಿನದ ಕೆಲಸವಲ್ಲ. ಮೂರನೆಯ ದಿನ ಎಳ್ಳಿಗೆ ಸಣ್ಣಗೆ ಮುಳ್ಳು ಏಳುತ್ತವೆ. ಬೆಂಕಿ ಒಂದಿಷ್ಟು ಜೋರಾದರೆ ಪಾಕ ಕರಗಿ ಎಲ್ಲ ಉಂಡೆಯಾಗುತ್ತದೆ. ಕೈ ಒಂದಿಷ್ಟು ಬಿರುಸಾದರೆ ಮುಳ್ಳು ಉದುರುತ್ತವೆ.

"ಬೆಂಕಿ ನೋಡಬ್ಯಾಡ, ಬೆರಳಿಗೆ ಕೇಳು," ಅನ್ನುತ್ತಿದ್ದಳು ಆಯಿ.

"ಬೆರಳು ಸುಡಾಕ ಹತ್ತ್ಯಾವ ಆಯಿ."

"ಸುಡಾಕ ಹತ್ತ್ಯಾವ ಅಂದ್ರ ಕೇಳಸಾಕ ಹತ್ತೈತಿ ಅಂತಾತು. ಆಡಸು."

ನಮ್ಮ ಧಾರವಾಡ, ಬೆಳಗಾವಿ ಕಡೆಯ ಮನೆಗಳಲ್ಲಿ ಹೊಸ ಸೊಸೆಗೆ ಮೊದಲ ಸಂಕ್ರಾಂತಿಯ ದಿನ ಕಪ್ಪು ಸೀರೆ ಉಡಿಸಿ, ಮೈತುಂಬ ಕುಸುರೆಳ್ಳಿನ ಆಭರಣ ತೊಡಿಸುತ್ತಾರೆ. ಬಂಗಾರದಲ್ಲಿ ಏನೇನಿದೆಯೋ ಅದೆಲ್ಲ ಸಕ್ಕರೆಯಲ್ಲೂ ಬೇಕು: ಕಾಲಿನ ಗೆಜ್ಜೆಯಿಂದ ಹಣೆಯ ಬಿಂದಿಯ ತನಕ. ಗಿರಣಿಗೆ ಬಂದು ನೆಲೆಸಿದ ಮನೆಗಳ ಹೆಣ್ಣುಮಕ್ಕಳಿಗೆ ಅದನ್ನು ಮಾಡುವ ಪುರಸೊತ್ತು ಇರಲಿಲ್ಲ. ಎಲ್ಲರೂ ಆಯಿಯ ಹತ್ತಿರ ಬರುತ್ತಿದ್ದರು. ಎಳ್ಳಿನದು ಸಣ್ಣ ಕಾಳು, ಸಾಬುದಾಣಿಗೆ ಪಾಕ ಹಿಡಿಸಿದರೆ ದೊಡ್ಡ ಮುತ್ತು, ಲವಂಗಕ್ಕೆ ಹಿಡಿಸಿದರೆ ಝುಮಕಿಯ ಕುಚ್ಚು. ಯಾವ ಕಾಳು ಯಾವ ಆಭರಣಕ್ಕೆ ಅನ್ನುವುದನ್ನು ಕ್ರಮೇಣ ನನಗೇ ಬಿಟ್ಟಳು. ನಾನು ರಟ್ಟು ಕತ್ತರಿಸಿ ಅದರ ಮೇಲೆ ದಾರದಿಂದ ಪೋಣಿಸಿ ಬಾಜುಬಂದ, ವಂಕಿ, ಟೀಕಿ ಎಲ್ಲ ಮಾಡುತ್ತಿದ್ದೆ. ಹಳಿಯಾಳದ ಪಡಸಾಲೆಯಲ್ಲಿ ಕಸಬರಿಗೆ ಹಿಡಿದು ನೋಡಿದ್ದೆಲ್ಲ ಸಕ್ಕರೆಯಾಗಿ ಹೊರಗೆ ಬರುತ್ತಿತ್ತು.

ಅವ್ವ ಆಗ ಬೇರೆ ಮೂಲೆಯಲ್ಲಿ ಕಸೂತಿ ಹಾಕುತ್ತಿದ್ದಳು. ಎಳೆ ಎಣಿಸಿ ಎಣಿಸಿ ಅವಳ ಹುಬ್ಬಿನ ನಡುವೆ ಒಂದು ಗೆರೆ ನಿಂತುಬಿಟ್ಟಿತ್ತು. ನಾನು ದಾರದಲ್ಲಿ ಹಾಕಿದ ಗೋಪುರದ ಚಿತ್ತಾರವನ್ನು ಅವಳು ಮೊದಲು ತಿರುವಿ ನೋಡುತ್ತಿದ್ದಳು. ಹಿಂದಿನ ಮಗ್ಗುಲಿಗೆ ಗಂಟು ಕಂಡರೆ ಒಂದು ಮಾತೂ ಆಡದೆ ಬಿಚ್ಚಿ ಕೊಡುತ್ತಿದ್ದಳು. ಅದೇ ಸೂಜಿಯಿಂದ ಅಪ್ಪನ ಅಂಗೈಯೊಳಗಿನ ಬಿದಿರಿನ ಸಿಬರು ತೆಗೆಯುತ್ತಿದ್ದಳು. ಅಪ್ಪ ಕೈ ಚಾಚಿ ಕೂತು ಅಲ್ಲಿಯೂ ನಿದ್ದೆ ಹೋಗುತ್ತಿದ್ದ. ಸೂಜಿ ಚುಚ್ಚಿದರೂ ಏಳುತ್ತಿರಲಿಲ್ಲ.

ನಾವು ದಾಂಡೇಲಿಗೆ ಬಂದ ವರ್ಷದ ಡಿಸೆಂಬರಿನಲ್ಲಿ ಹಳಿಯಾಳ ರಸ್ತೆಯ ಒಬ್ಬ ಮೆಕ್ಯಾನಿಕ್ ಮನೆಗೆ ಬಂದ. ಲಾರಿ ರಿಪೇರಿ ಮಾಡುವವನು, ಬೆಸುಗೆ ಕೆಲಸವನ್ನೂ ಮಾಡುತ್ತಿದ್ದ. ನಾವು ಹುಡುಗರೆಲ್ಲ ಅವನಿಗೆ ಚಾಚಾ ಅನ್ನುತ್ತಿದ್ದೆವು. ಅಪ್ಪನ ಪೆಟ್ಟಿಗೆಯ ಸುದ್ದಿ ಯಾರಿಂದಲೋ ಕೇಳಿದ್ದ.

"ಭಾಯಿ, ಹಂಗ ತುಕ್ಕ ಹಿಡಸೂದಕ್ಕಿಂತ ನನಗ ಕೊಡ್ರಿ. ನಿಮ್ಮ ಅಡಿಗಲ್ಲ ಹೆಂಥಾದ್ದು ಅಂತ ಹಳಿಯಾಳದಾಗ ನೋಡೇನಿ. ಕೆಲಸದಾಗ ಇದ್ದರ ಅದಕ್ಕೂ ಮರ್ಯಾದಿ."

ಅಪ್ಪ ಬಹಳ ಹೊತ್ತು ಮಂಚದ ಕೆಳಗೆ ನೋಡಿದ. "ಸಂಕ್ರಾಂತಿ ಆಗಲಿ. ಬಂದು ಎಲ್ಲಾ ಒಯ್ಯಿ," ಅಂದ.

ಅವತ್ತಿನಿಂದ ನನಗೆ ಕುಸುರೆಳ್ಳು ಸರಿಯಾಗಿ ಬರಲಿಲ್ಲ. ಎರಡು ಪರಾತ ಉಂಡೆಯಾದವು. ಆಯಿ ತಲೆಗೆ ಮೊಟಕಿ, "ಖೋಡಿ, ಮನಸು ಎಲ್ಲಿಟ್ಟೀ?" ಅಂದಳು. ಎಲ್ಲಿಟ್ಟಿದ್ದೆ ಎಂದು ಆಕೆಗೆ ಗೊತ್ತಿತ್ತೋ ಏನೋ.

ಆ ವರ್ಷ ಆಯಿ ಆಭರಣ ಮಾಡುತ್ತಿದ್ದದ್ದು ನಮ್ಮ ಎದುರು ಮನೆಯ ಕಾಕುವಿನ ಸೊಸೆಗೆ. ಕಾಕು ಬೆಳಗಾವಿ ಕಡೆಯವಳು, ಗಂಡ ಗಿರಣಿಯಲ್ಲಿ ಫಿಟರ್. ಕಾಕು ಬಾಯಿ ತೆರೆದಳೆಂದರೆ ಓಣಿಯ ಆ ತುದಿಯವರು ಚಹಾದ ನೀರಿಡುತ್ತಿದ್ದರು, ಮಾತು ತಮ್ಮ ಮನೆಯ ತನಕ ಬರುವುದು ಖಾತ್ರಿ ಎಂದು. ಹಬ್ಬಕ್ಕೆ ಎಂಟು ದಿನವಿದ್ದಾಗ ಬಂದಳು. ಸೆರಗಿನ ತುದಿಯಿಂದ ಬೋರಮಾಳ ಬಿಚ್ಚಿ ಅಪ್ಪನ ಮುಂದೆ ಹಿಡಿದಳು. ನಡುವಿನ ಒಂದು ಗುಂಡು ಚಪ್ಪಟೆಯಾಗಿತ್ತು.

"ಪತ್ತಾರ್ರ, ಇದನ್ನೊಂದು ನೋಡ್ರೆಲಾ. ಮಂಚ ಸರಸುವಾಗ ಕಾಲಿನ ಕೆಳಗ ಸಿಕ್ಕೈತಿ. ಸಂಕ್ರಮಣದ ದಿನ ಹತ್ತು ಮಂದಿ ಕುಂಕುಮಕ್ಕ ಬರ್ತಾರ. ನನ್ನ ಕೊರಳು ಹಲ್ಲ ಬಿದ್ದ ಬಾಯಿಗತೆ ಕಾಣಸ್ತೈತಿ."

"ನಾ ಈಗ ಪತ್ತಾರ ಅಲ್ರೀ ವೈನಿ. ಬಿದಿರ ಹೊರಾಂವ."

"ಬಿದಿರ ಹೊತ್ತರ ಕೈ ಮರೀತಾವೇನು?"

"ಕೈ ಮರತಿಲ್ರಿ. ಕೈಯೇ ಬ್ಯಾರೆ ಆಗ್ಯಾವ," ಎಂದು ಅಪ್ಪ ಎರಡೂ ಅಂಗೈ ತೋರಿಸಿದ. ಒಣಗಿದ ಹೊಲದಂತಿದ್ದವು. ಕಾಕು ಸರವನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡಳು. ಭೋಂಗಾ ಕೂಗಿತು, ಅಪ್ಪ ಅಂಗಿ ಹಾಕಿಕೊಂಡು ಹೊರಟುಹೋದ.

ನಾನು ಅವಳ ಬೆನ್ನ ಹಿಂದೆಯೇ ಅವಳ ಮನೆಯ ಹೊಸ್ತಿಲ ತನಕ ಹೋದೆ. "ಕಾಕು, ಆ ಗುಂಡು ಬಿಚ್ಚಿ ಕೊಡ್ರಿ. ಅಪ್ಪ ಹಂಗ ಅಂತಾನ, ಆಮ್ಯಾಲ ಮಾಡ್ತಾನ. ಕಾಯ್ದೆ ಅಂತ ಅಂಜತಾನ ಅಷ್ಟ. ನೀವು ಅವನ ಮುಂದ ಏನೂ ಅನಬ್ಯಾಡ್ರಿ."

ಇಷ್ಟು ದೊಡ್ಡ ಸುಳ್ಳು ಅಷ್ಟು ಸಲೀಸಾಗಿ ಹೇಗೆ ಬಂತೋ ನನಗೆ ಇವತ್ತಿಗೂ ತಿಳಿದಿಲ್ಲ. ಪೆಟ್ಟಿಗೆ ಹೋಗುವ ಮೊದಲು ಒಂದು ಸಲ, ಒಂದೇ ಸಲ, ಅದರೊಳಗಿನದನ್ನು ಕೈಯಲ್ಲಿ ಹಿಡಿಯಬೇಕಿತ್ತು. ಗುಂಡು ಸರಿಯಾದರೆ ಅಪ್ಪನಿಗೆ ತೋರಿಸುವುದು, ಆಗ ಅವನು ಪೆಟ್ಟಿಗೆ ಕೊಡಲಿಕ್ಕಿಲ್ಲ. ನನ್ನ ಲೆಕ್ಕಾಚಾರ ಇಷ್ಟೇ ಇತ್ತು.

ಮರುದಿನ ಅಪ್ಪ ಪಾಳಿಗೆ, ಅವ್ವ ಸಂತೆಗೆ ಹೋಗಿದ್ದರು. ಆಯಿ ಶೆಗಡಿಯ ಪಕ್ಕದಲ್ಲೇ ಒರಗಿ ಕಣ್ಣು ಮುಚ್ಚಿದ್ದಳು. ಪೆಟ್ಟಿಗೆ ಎಳೆದು ಮೊಳೆ ಕಿತ್ತೆ. ಹಳಿಯಾಳದ ಪಡಸಾಲೆಯ ವಾಸನೆ ಭಗ್ಗನೆ ಮುಖಕ್ಕೆ ಹೊಡೆಯಿತು: ಇದ್ದಿಲು, ಬಿಳಿಗಾರ, ಎಣ್ಣೆಜಿಡ್ಡು. ಚಿಮಟ ತೆಗೆದುಕೊಂಡೆ, ತುದಿ ಮೊಂಡು ಮಾಡಿದ ಒಂದು ಉದ್ದ ಸೂಜಿ ತೆಗೆದುಕೊಂಡೆ. ಆಯಿಯ ಕೆಂಡದ ಮೇಲೆ ಗುಂಡನ್ನು ಹಿಡಿದೆ. ಸ್ವಲ್ಪ ಹೊತ್ತಿಗೆ ಒಳಗಿನ ಹಳೆಯ ಅರಗು ಕರಗಿ, ಹೊಗೆಯಾಡುತ್ತ ತೂತಿನಿಂದ ಇಳಿದು ಕೆಂಡಕ್ಕೆ ಬಿತ್ತು. ಆರಿದ ಮೇಲೆ ಸೂಜಿಯನ್ನು ತೂತಿನೊಳಗೆ ಬಿಟ್ಟು ತಗ್ಗನ್ನು ಒಳಗಿನಿಂದ ಒತ್ತತೊಡಗಿದೆ. ಒತ್ತುವುದು, ಗುಂಡನ್ನು ಕೂದಲೆಳೆಯಷ್ಟು ತಿರುಗಿಸುವುದು, ಮತ್ತೆ ಒತ್ತುವುದು. ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ತಗ್ಗು ಎದ್ದಿತು. ಗುಂಡು ಗುಂಡಾಯಿತು.

ಆದರೆ ಬೆರಳಲ್ಲಿ ಹಿಡಿದರೆ ಅಳುಕುತ್ತಿತ್ತು, ಒಳಗೆ ಏನೂ ಇಲ್ಲವಲ್ಲ. ಅರಗಿಗಾಗಿ ಪೆಟ್ಟಿಗೆಯನ್ನು ತಳದ ತನಕ ತಡಕಾಡಿದೆ. ಅರಗಿನ ಚೀಲ ಖಾಲಿ. ಇದ್ದ ಹಳೆಯದು ಕೆಂಡದಲ್ಲಿ ಸುಟ್ಟುಹೋಗಿತ್ತು. ಆಗ ಶೆಗಡಿಯ ಬದಿಗೆ ಬೆಚ್ಚಗಿಟ್ಟ ಪಾಕದ ಪಾತ್ರೆ ಕಣ್ಣಿಗೆ ಬಿತ್ತು.

ಬಂಗಾರದ ಮನೆಯಲ್ಲಿ ಹುಟ್ಟಿದವರಿಗೆ ಇದು ಹೊಳೆಯುತ್ತಿರಲಿಲ್ಲ, ಸಕ್ಕರೆಯ ಮನೆಯಲ್ಲಿ ಹುಟ್ಟಿದವರಿಗೆ ಬಂಗಾರದ ಗುಂಡು ಕೈಗೆ ಸಿಗುತ್ತಿರಲಿಲ್ಲ. ನಾನು ಎರಡರ ನಡುವೆ ಬೆಳೆದವಳು. ಅರಗು ಬಿಸಿಗೆ ಕರಗಿ ಆರಿದರೆ ಕಲ್ಲಾಗುತ್ತದೆ, ಪಾಕವೂ ಹಾಗೆಯೇ ಅಲ್ಲವೇ? ಪಾಕವನ್ನು ಇನ್ನಷ್ಟು ಕುದಿಸಿ, ತಣ್ಣೀರಿಗೆ ಬಿಟ್ಟರೆ ಟಣ್ ಅನ್ನುವಷ್ಟು ಗಟ್ಟಿ ಮಾಡಿ, ಎಳೆಯಾಗಿ ಗುಂಡಿನೊಳಗೆ ಇಳಿಸಿ, ದಾರದ ತೂತು ಮುಚ್ಚದಿರಲೆಂದು ನಡುವೆ ಸೂಜಿ ಆಡಿಸಿದೆ. ಆರಿತು. ಒತ್ತಿ ನೋಡಿದರೆ ಕಲ್ಲು. ಅಂಟವಾಳದ ನೀರಿನಲ್ಲಿ ತೊಳೆದು ಒರೆಸಿದೆ. ಉಳಿದ ಗುಂಡುಗಳಿಗಿಂತ ಅದೇ ಹೆಚ್ಚು ಹೊಳೆಯಿತು.

ಕಾಕು ಬಿಸಿಲಿಗೆ ಹಿಡಿದು ನೋಡಿ, "ನಿಮ್ಮಪ್ಪನ ಬಾಯಿ ಇಲ್ಲ ಅಂತೈತಿ, ಕೈ ಹೂಂ ಅಂತೈತಿ," ಎಂದು ಸರಕ್ಕೆ ಪೋಣಿಸಿಕೊಂಡಳು.

ಸಂಕ್ರಾಂತಿಯ ದಿನ ಅವಳ ಸೊಸೆ ಕಪ್ಪು ಚಂದ್ರಕಾಳಿ ಸೀರೆ ಉಟ್ಟು ಮಣೆಯ ಮೇಲೆ ಕೂತಳು. ಕೊರಳಿಗೆ, ತೋಳಿಗೆ, ಹಣೆಗೆ ಆಯಿಯ ಮತ್ತು ನನ್ನ ಕೈಯ ಬಿಳಿ ಸಕ್ಕರೆ. ಬಂದವರೆಲ್ಲ ಆಯಿಯನ್ನು ಹೊಗಳಿದರು, ಆಯಿ ನನ್ನ ಕಡೆ ಕೈ ತೋರಿಸಿದಳು. ನನಗೆ ಅದೊಂದೂ ತಲೆಗೆ ಹೋಗಲಿಲ್ಲ. ನಾನು ಕಾಕುವಿನ ಕೊರಳಿನ ಒಂದು ಗುಂಡನ್ನೇ ನೋಡುತ್ತಿದ್ದೆ. ಇವತ್ತು ಸಂಜೆ ಅಪ್ಪನಿಗೆ ಹೇಳಬೇಕು ಎಂದುಕೊಂಡೆ. ಸಂಜೆ ಅವನು ಬಂದು ಗೋಡೆಗೆ ಒರಗಿದ ಕೂಡಲೇ ನಿದ್ದೆ ಹೋದ. ನಾಳೆ ಹೇಳೋಣ ಎಂದು ಬಿಟ್ಟೆ.

ನಾಳೆ ನಾನು ಹೇಳಬೇಕಾಗಲಿಲ್ಲ. ಅಪ್ಪ ಮುಂಜಾನೆ ಪಾಳಿ ಮುಗಿಸಿ ಬಂದು ಕಟ್ಟೆಯ ಮೇಲೆ ಕೂತಿದ್ದ. ಕಾಕು ಬೋರಮಾಳವನ್ನು ಸತ್ತ ಹಾವಿನ ಹಾಗೆ ಬೆರಳ ತುದಿಯಲ್ಲಿ ಹಿಡಿದುಕೊಂಡು ಓಣಿ ದಾಟಿ ಬಂದಳು.

"ಏನ್ರೀ ಪತ್ತಾರ್ರ! ಗ್ವಾಡಿ ಮೊಳಿಗೆ ಹಾಕಿದ ಸರಕ್ಕ ನೆಲದಿಂದ ಇರುವಿ ಸಾಲ ಹಚ್ಚ್ಯಾವ. ಹನ್ನೊಂದು ಗುಂಡು ಬಿಟ್ಟು ಒಂದಕ್ಕ ಮುತ್ತ್ಯಾವ. ಹದಿನಾಕ ಕ್ಯಾರೆಟ್ ಅಂದ್ರ ಇದ ಏನ್ರೀ? ಉಳಿದ ಹತ್ತ ಕ್ಯಾರೆಟ್ ಸಕ್ರಿ ತುಂಬಂತ ಹೇಳೈತೇನು ಸರಕಾರ?"

ಅಪ್ಪನಿಗೆ ಒಂದಕ್ಷರ ತಿಳಿಯಲಿಲ್ಲ. "ಯಾವ ಗುಂಡು? ಯಾರು ಮಾಡಿದ್ರು?"

ಕಾಕು ನನ್ನನ್ನು ನೋಡಿದಳು. ಅಪ್ಪ ನನ್ನನ್ನು ನೋಡಿದ. ಒಳಗಿನಿಂದ ಆಯಿ ಬಂದು ಸರವನ್ನು ಇಸಿದುಕೊಂಡು, ಗುಂಡಿನ ತೂತಿನಿಂದ ಹೊರಗೆ ಬಂದ ಸಕ್ಕರೆಯನ್ನು ಉಗುರಿನಿಂದ ಕೆರೆದು ನಾಲಿಗೆಗೆ ಹಚ್ಚಿಕೊಂಡಳು. "ಪಾಕ ಮಾತ್ರ ಸರಿ ಬಂದೈತಿ," ಅಂದಳು.

ಕಾಕು ನಕ್ಕಳು. ಅಪ್ಪ ನಗಲಿಲ್ಲ. ಗುಂಡು ಬಿಚ್ಚಿಸಿಕೊಂಡು ಬಿಸಿನೀರಿನ ವಾಟಗಕ್ಕೆ ಹಾಕಿ, ಸಕ್ಕರೆ ಕರಗುವ ತನಕ ಕಾಯುತ್ತ ಕೂತ. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಹೊಡೆತಕ್ಕಿಂತ ಆ ಕಾಯುವಿಕೆಯೇ ಕಷ್ಟವಾಯಿತು. ಆಮೇಲೆ ಅವನು ಗುಂಡನ್ನು ಒರೆಸಿ ಬಿಸಿಲಿಗೆ ಎತ್ತಿ, ಒಂದು ಕಣ್ಣು ಮುಚ್ಚಿ ತೂತಿನೊಳಗೆ ನೋಡಿದ. ತಿರುಗಿಸಿ ಇನ್ನೊಂದು ಕಡೆಯಿಂದ ನೋಡಿದ.

"ತಗ್ಗ ಯಾರು ಎತ್ತಿದ್ರು?"

"ನಾ."

"ಬಡದ್ಯೋ, ಒತ್ತಿದ್ಯೋ?"

"ಒತ್ತಿದೆ."

"ಯಾರು ಹೇಳಿಕೊಟ್ರು?"

"ಯಾರೂ ಇಲ್ಲಪ್ಪಾ. ಕುಸುರೆಳ್ಳು ಬಡದ್ರ ಮುಳ್ಳು ಉದರ್ತಾವಲ್ಲ. ಅದಕ್ಕ."

ಅಪ್ಪ ಗುಂಡನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. ಕಾಕುವಿಗೆ, "ಒಂದು ತಾಸು ಕೂಡ್ರಿ ವೈನಿ," ಅಂದ. ಒಳಗೆ ಹೋಗಿ ಪೆಟ್ಟಿಗೆಯನ್ನು ತಾನೇ ಹೊರಗೆ ಎಳೆದ. ಅರಗು ಇಲ್ಲದ್ದು ಅವನಿಗೂ ನೆನಪಾಯಿತು. ಸುತ್ತ ನೋಡಿದ. ಪುಳ್ಳೆ ಕಡಿಯುವ ಕುಡಗೋಲು ಗೋಡೆಗೆ ನೇತಾಡುತ್ತಿತ್ತು. ಅದರ ಕಟ್ಟಿಗೆಯ ಹಿಡಿಕೆಯೊಳಗೆ ಕಬ್ಬಿಣವನ್ನು ಅರಗು ಹಾಕಿಯೇ ಕೂರಿಸಿರುತ್ತಾರೆ. ಕಬ್ಬಿಣ ಕಾಯಿಸಿ ಎಳೆದ, ಹಿಡಿಕೆ ಕಳಚಿ ಬಂತು, ಒಳಗಿನಿಂದ ಅಂಗೈ ತುಂಬ ಕರಿ ಅರಗು ಉದುರಿತು.

"ಅಯ್ಯಯ್ಯ, ನಾಳಿಂದ ಪುಳ್ಳಿ ಹಲ್ಲಿಲೆ ಮುರೀಲೇನು ನಾ?" ಅಂದಳು ಅವ್ವ ಅಡುಗೆಮನೆಯಿಂದ.

ಅಪ್ಪ ಶೆಗಡಿಯ ಮುಂದೆ ಕೂತ. ವರ್ಷವಾಗಿತ್ತು ಹಾಗೆ ಕೂತು. ಊದುಗೊಳವೆ ಬಾಯಿಗಿಟ್ಟುಕೊಂಡು ಊದಿದ, ಕೆಂಡ ಕೆಂಪಾಯಿತು. ಇನ್ನೊಂದು ಸಲ ಊದಿದ. ಮೂರನೆಯ ಸಲ ಕೆಂಡ ಹಾಗೇ ಮಂಕಾಯಿತು. ನೋಡಿದರೆ, ಕೊಳವೆ ತುಟಿಯಲ್ಲಿದೆ, ಕಣ್ಣು ಮುಚ್ಚಿವೆ. ಬೆಳಗಿನಿಂದ ಬಿದಿರು ಹೊತ್ತು ಬಂದ ಮನುಷ್ಯ. ನಾನು ಮೆಲ್ಲಗೆ ಕೊಳವೆಯನ್ನು ಅವನ ತುಟಿಯಿಂದ ಬಿಡಿಸಿಕೊಳ್ಳಲು ಹೋದೆ. ಅವನು ಎಚ್ಚರಾದ, ಕೊಳವೆಯನ್ನು ಬಿಡಲಿಲ್ಲ. ನನ್ನ ಕೈಯೂ ಅದರ ಮೇಲಿತ್ತು, ಅವನ ಕೈಯೂ ಇತ್ತು. ಹಾಗೆ ಒಂದಿಷ್ಟು ಹೊತ್ತು. ಆಮೇಲೆ ಬಿಟ್ಟ.

"ನೀ ಊದು," ಅಂದ.

ಊದಿದೆ. ಉಸಿರು ಕಟ್ಟಿ ಕೆಮ್ಮು ಬಂತು.

"ಎದಿಯಿಂದ ಊದಬ್ಯಾಡ. ಗಲ್ಲದಾಗ ಗಾಳಿ ಇಟಗೊ. ಅದು ಹೊರಗ ಹೋಗೂದ್ರಾಗ ಮೂಗಿನ್ಯಾಗ ಉಸರ ತಗೊ. ಬೆಂಕಿಗೆ ನೀ ಉಸರ ತಗೊಂಡದ್ದು ಗೊತ್ತಾಗಬಾರದು."

ಹತ್ತು ಸಲ ತಪ್ಪಿದೆ. ಹನ್ನೊಂದನೆಯ ಸಲ ಕೆಂಡ ಒಂದೇ ಬಣ್ಣದಲ್ಲಿ ನಿಂತಿತು. ಅರಗು ಕರಗಿತು, ಅಪ್ಪ ಗುಂಡಿಗೆ ತುಂಬಿದ. ಬಿದಿರು ಹೊತ್ತ ಕೈಯಿಂದ ಆ ಸಣ್ಣ ಚಿಮಟ ಎರಡು ಸಲ ಜಾರಿತು. ಅದನ್ನು ನಾನು ನೋಡಿದೆ, ನಾನು ನೋಡಿದ್ದನ್ನು ಅವನೂ ನೋಡಿದ.

"ಒಂದು ಗುಂಡಿಗೆ ಇಬ್ಬರು ಪತ್ತಾರ್ರು. ನನ್ನ ಸರದ ದೌಲತ್ತ ನೋಡ್ರಿ," ಎಂದು ಕಾಕು ಎದ್ದು ಹೋದಳು. ಅಪ್ಪ ಅಲ್ಲಿಯೇ ನೆಲದ ಮೇಲೆ ಮಲಗಿದ. ನನ್ನ ಸುಳ್ಳಿನ ಬಗ್ಗೆ ಅವನು ಅವತ್ತೂ ಕೇಳಲಿಲ್ಲ, ಮುಂದೂ ಕೇಳಲಿಲ್ಲ. ಕೇಳಲು ತ್ರಾಣ ಇರಲಿಲ್ಲವೋ, ಬೇಕಾಗಿರಲಿಲ್ಲವೋ.

ಎರಡು ದಿನ ಬಿಟ್ಟು ಚಾಚಾ ಸೈಕಲ್ಲಿಗೆ ಹಗ್ಗ ಕಟ್ಟಿಕೊಂಡು ಬಂದ. ನಾನು ಪೆಟ್ಟಿಗೆಯ ಮುಂದೆ ಕಾಲು ಮಡಚಿ ಕೂತೆ, ಏಳಲಿಲ್ಲ. ಚಾಚಾ ಮುಚ್ಚಳ ತೆಗೆದು ಊದುಗೊಳವೆ ಎತ್ತಿ ಮೂಸಿದ.

"ಭಾಯಿ, ಇದಕ್ಕ ಹಸೀ ಮಸಿ ಐತಿ. ಬಳಸಾಕ ಹತ್ತೀರಲ್ಲ ನೀವು?"

ಅಪ್ಪ ನನ್ನ ಕಡೆ ನೋಡದೆ ಹೇಳಿದ: "ಕೊಟ್ಟ ಮಾತು ಐತಿ. ಅಡಿಗಲ್ಲು ನೀ ಒಯ್ಯಿ. ಅದು ನನ್ನದು, ನನಗ ಇನ್ನ ಬ್ಯಾಡ. ಉಳದದ್ದು ಇರಲಿ."

"ಅಡಿಗಲ್ಲ ಇಲ್ದ ಉಳದದ್ದು ಏನ್ ಮಾಡ್ತೀರಿ?"

"ನಾ ಏನೂ ಮಾಡೂದಿಲ್ಲ. ಅಕಿ ನೋಡ್ಕೋತಾಳ."

ಉಳಿದದ್ದು ನನ್ನದಾಯಿತು ಅನ್ನುವ ಖುಷಿ ಬದಿಗಿರಲಿ, ಅಡಿಗಲ್ಲು ಸೈಕಲ್ಲಿನ ಮೇಲೆ ಹೋಗುವುದನ್ನು ನೋಡಿ ನಾನು ಅತ್ತೆ. ಅದು ಅಪ್ಪನ ಅಪ್ಪನ ಕಾಲದ್ದು. ಅವನು ತನ್ನ ಪಾಲಿನದನ್ನು ಮುಗಿಸಿ ಕೈ ತೊಳೆದುಕೊಂಡ ಹಾಗೆ ಇತ್ತು. ಎಂಟು ದಿನದ ಮೇಲೆ ಚಾಚಾ ಮತ್ತೆ ಬಂದು, ರೈಲು ಹಳಿಯ ಒಂದು ಗೇಣು ತುಂಡನ್ನು ಕಟ್ಟೆಯ ಮೇಲೆ ಧಪ್ಪೆಂದು ಇಟ್ಟ. ಮೇಲಿನ ಮಗ್ಗುಲನ್ನು ಕನ್ನಡಿಯ ಹಾಗೆ ಉಜ್ಜಿದ್ದ. "ಬೇಟಿ, ಇದರ ಮ್ಯಾಲ ಕುಟ್ಟು. ಇದಕ್ಕ ರೈಲ ಹೊತ್ತು ರೂಢಿ ಐತಿ, ನಿನ್ನ ಸುತ್ತಿಗಿಗೆ ಅಂಜೂದಿಲ್ಲ."

ಹಾಗೆ ಶುರುವಾಯಿತು. ಅಪ್ಪ ಮೊದಲ ವರ್ಷ ತಾಮ್ರದ ತಂತಿ ಬಿಟ್ಟು ಬೇರೆ ಮುಟ್ಟಗೊಡಲಿಲ್ಲ. ಎರಡನೆಯ ವರ್ಷ ಬೆಳ್ಳಿ, ಅದರಲ್ಲೂ ಕಾಲುಂಗುರ ಮಾತ್ರ. ಅವನು ಕಲಿಸಿದ್ದೆಲ್ಲ ಮಲಗಿಕೊಂಡೇ. ಪಾಳಿ ಮುಗಿಸಿ ಬಂದು ಚಾಪೆಯ ಮೇಲೆ ಗೋಡೆಯ ಕಡೆ ಹೊರಳಿ ಮಲಗುತ್ತಿದ್ದ, ನಾನು ಪಕ್ಕದಲ್ಲಿ ಕುಟ್ಟುತ್ತಿದ್ದೆ. ಗೊರಕೆ ಕೇಳುತ್ತಿತ್ತು. ಬೆಳ್ಳಿ ಬಿರುಸಾಯಿತೆಂದರೆ ಸುತ್ತಿಗೆಯ ಸಪ್ಪಳ ಬದಲಾಗುತ್ತದೆ. ಆಗ ಗೊರಕೆ ನಿಲ್ಲುತ್ತಿತ್ತು. "ಕಾಸು ಅದನ್ನ, ಸೀಳತೈತಿ," ಅನ್ನುತ್ತಿದ್ದ, ಕಣ್ಣು ತೆರೆಯದೆ. ಕಾಯಿಸಿದರೆ ಗೊರಕೆ ಮತ್ತೆ ಶುರು. ಮಾಡಿದ ಉಂಗುರವನ್ನು ನಾನು ಅವ್ವನಿಗೆ ಕೊಡುತ್ತಿದ್ದೆ, ಅವಳು ಕಸೂತಿಯ ರೂಢಿಯಂತೆ ಮೊದಲು ತಿರುವಿ ಒಳಮಗ್ಗುಲು ನೋಡುತ್ತಿದ್ದಳು. ಒಳಗೆ ಒರಟಿದ್ದರೆ ಹಿಂದಕ್ಕೆ ಬರುತ್ತಿತ್ತು. ಬೆಸುಗೆಗೆ ಬೆಂಕಿ ಎಷ್ಟಿರಬೇಕೆನ್ನುವುದನ್ನು ಮಾತ್ರ ಯಾರೂ ಕಲಿಸಬೇಕಾಗಲಿಲ್ಲ. ಅದು ಆಯಿಯ ಪರಾತದಲ್ಲಿ ಬೆರಳಿಗೆ ಬಂದಿತ್ತು.

ಓಣಿಯಲ್ಲಿ ಮಾತು ಎದ್ದಿತು. ನೀರಿನ ನಳದ ಹತ್ತಿರ ಒಬ್ಬಾಕೆ ಆಯಿಗೆ ಕೇಳಿದಳಂತೆ, "ಹೆಣ್ಣ ಹುಡುಗಿ ಊದಗೊಳವಿ ಹಿಡದ್ರ ಮದುವಿ ಹೆಂಗವಾ?" ಎಂದು. ಆಯಿ, "ಒಲಿ ಊದಾಕಿಗೆ ಗಂಡ ಸಿಗತಾನ, ಇದನ್ನ ಊದಾಕಿಗೆ ಸಿಗೂದಿಲ್ಲೇನು? ಊದೂದು ಎರಡೂ ಕಡೆ ಐತಲ್ಲ," ಅಂದಳಂತೆ. ಆಕೆ ಹಾಗೆ ಅಂದಳು ಸರಿ, ಆದರೆ ನನಗೆ ಶಾಲೆ ಬಿಟ್ಟದ್ದು, ಓರಗೆಯವರು ಆಡುವ ಹೊತ್ತಿನಲ್ಲಿ ಗಲ್ಲ ನೋಯುವಂತೆ ಊದುತ್ತ ಕೂತದ್ದು ಹಗುರವೇನೂ ಆಗಿರಲಿಲ್ಲ. ಸಂಜೆ ದವಡೆ ಹಿಡಿದುಕೊಂಡು ರೊಟ್ಟಿ ಅಗಿಯಲಾರದೆ ಅಂಬಲಿ ಕುಡಿದು ಮಲಗಿದ ದಿನಗಳಿವೆ. ಬೇಕೆಂದು ಬೇಡಿ ಪಡೆದದ್ದು, ಯಾರ ಮುಂದೆ ನರಳುವುದು?

ಕೆಲವು ವರ್ಷಗಳಲ್ಲಿ ಕಾಯ್ದೆ ಸಡಿಲಾಯಿತು. ಒಂದು ಮಧ್ಯಾಹ್ನ ಹಳಿಯಾಳದ ಹಳೆಯ ಗಿರಾಕಿಯೊಬ್ಬ ಮನೆ ಹುಡುಕಿಕೊಂಡು ಬಂದ. ಮುಪ್ಪಿನ ಮನುಷ್ಯ, ಮೊಮ್ಮಗಳ ಮದುವೆ. ರುಮಾಲಿನ ಗಂಟಿನಲ್ಲಿ ಹೆಂಡತಿಯ ಹಳೆಯ ಬಂಗಾರ ತಂದಿದ್ದ. ಅದನ್ನು ಕರಗಿಸಿ ತಾಳಿ, ಬೋರಮಾಳ ಆಗಬೇಕಿತ್ತು. ಅಪ್ಪ ಚಾಪೆಯ ಮೇಲಿದ್ದ, ಎದ್ದು ಕೂತ. ಮುದುಕ ಗಂಟನ್ನು ಅವನ ಮುಂದೆ ಇಟ್ಟ.

"ಪತ್ತಾರ್ರ, ನಿಮ್ಮ ಕೈ ಸಲುವಾಗಿ ಇಷ್ಟು ವರ್ಷ ಹಂಗ ಇಟ್ಟೇನಿ ನೋಡ್ರಿ."

ನಾನು ಸುತ್ತಿಗೆ ಕೆಳಗಿಟ್ಟೆ. ಅಪ್ಪ ಈಗ ಎದ್ದು ಬಂದು ನನ್ನ ಜಾಗದಲ್ಲಿ ಕೂರುತ್ತಾನೆ, ಗಿರಣಿ ಬಿಡುತ್ತಾನೆ, ಹಳಿಯಾಳಕ್ಕೆ ಹೋಗುತ್ತೇವೆ ಎಂದು ಒಂದು ಗಳಿಗೆ ಅನ್ನಿಸಿತು. ಅವನಿಗೂ ಅನ್ನಿಸಿರಬೇಕು. ಗಂಟನ್ನು ಬಿಚ್ಚಿದ, ಒಂದು ಹಳೆಯ ಬುಗಡಿ ಎತ್ತಿ ಬೆಳಕಿಗೆ ಹಿಡಿದ. ಅವನೇ ಮಾಡಿದ್ದು ಅನ್ನುವುದು ಅವನು ಹಿಡಿದ ರೀತಿಯಲ್ಲೇ ತಿಳಿಯುತ್ತಿತ್ತು. ಬಹಳ ಹೊತ್ತು ಹಿಡಿದಿದ್ದ. ಆಮೇಲೆ ಗಂಟನ್ನು ನೆಲದ ಮೇಲೆ ಸರಿಸಿ, ನನ್ನ ಮೊಣಕಾಲಿಗೆ ತಾಗುವ ಹಾಗೆ ಇಟ್ಟ.

"ಅಕಿನ್ನ ಕೇಳ್ರಿ," ಅಂದ. ಮತ್ತೆ ಗೋಡೆಯ ಕಡೆ ಹೊರಳಿ ಮಲಗಿದ.

ಮುದುಕ ನನ್ನನ್ನು ನೋಡಿದ, ಹೊರಳಿದ ಬೆನ್ನನ್ನು ನೋಡಿದ. ಕಟ್ಟೆಯ ಮೇಲೆ ಬಿಟ್ಟಿದ್ದ ತನ್ನ ಚಪ್ಪಲಿಯ ಕಡೆಗೂ ಒಂದು ಸಲ ನೋಡಿದ. ನಾನು ಹದಿಮೂರು ವರ್ಷದವಳಿದ್ದಾಗ ಇದಕ್ಕಾಗಿ ಸುಳ್ಳು ಹೇಳಿದ್ದೆ. ಈಗ ಅದು ನನ್ನ ಮೊಣಕಾಲಿಗೆ ತಾಗಿ ಕೂತಿತ್ತು, ಮತ್ತು ಖುಷಿಗಿಂತ ಮೊದಲು ಬಂದದ್ದು ಒಂಥರದ ಸುಸ್ತು. ಭುಜದ ಮೇಲೆ ಯಾರೋ ಬಿದಿರಿನ ಒಂದು ಹೊರೆ ಇಟ್ಟು, ಸರಿಯಾಗಿ ಕೂತಿತೇ ಎಂದು ನೋಡಿ ಹೋದ ಹಾಗೆ. ಇಷ್ಟು ವರ್ಷ ಆ ಹೊರೆ ಹೊತ್ತೇ ಇದ್ದೇನೆ. ಕಣ್ಣು ಹೋಗುತ್ತ ಬಂದವು, ದವಡೆ ಈಗಲೂ ನೋಯುತ್ತದೆ.

ಮುದುಕ ಕೊನೆಗೆ ಕಾಲು ಮಡಚಿ ನನ್ನ ಮುಂದೆ ಕೂತ. ಅಪ್ಪನ ಗೊರಕೆ ಇನ್ನೂ ಶುರುವಾಗಿರಲಿಲ್ಲ. ಅವನು ಕೇಳುತ್ತಿದ್ದ.

"ಮದುವಿ ಯಾವಾಗ ಐತ್ರೀ ಅಜ್ಜಾರ?" ಅಂತ ಕೇಳಿದೆ.